ಎದುರು ಪಾಳಯದ ಸಾಕ್ಷಿ

ಕಂಪಿಲರಾಯನ ಮಗ ಕುಮಾರರಾಮ ನಿಜವಾಗಿ ಇದ್ದನೇ ಎಂದು ನಮ್ಮ ಕಂಪ್ಲಿಯಲ್ಲಿ ಯಾರೂ ಕೇಳುವುದಿಲ್ಲ. ಪರನಾರೀ ಸಹೋದರ ಎಂದರೆ ಸಾಕು, ಹಿರಿಯರ ಕೈ ತಾನಾಗಿ ಜೋಡುತ್ತದೆ. ಹೊಸಪೇಟೆಯಲ್ಲಿ ಇತಿಹಾಸ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಮಾತ್ರ ಒಂದು ಪ್ರಶ್ನೆ ಬಿಟ್ಟಿಲ್ಲ: ಭಕ್ತಿಯಿಂದ ಬರೆದದ್ದು ಸಾಕ್ಷಿಯಾಗುತ್ತದೆಯೇ?

ದೆಹಲಿಯ ಸುಲ್ತಾನ ತುಘಲಕನ ಸೇನೆ ಕಂಪಿಲಿಯನ್ನು, ಅಂದರೆ ಇಂದಿನ ನಮ್ಮ ಕಂಪ್ಲಿಯನ್ನು, ಮುರಿದದ್ದು 1327ರಲ್ಲಿ. ನಂಜುಂಡ ಕವಿ ರಾಮನ ಕಥೆಯನ್ನು ಸಾಂಗತ್ಯದಲ್ಲಿ ಹಾಡಿದ್ದು ಸುಮಾರು 1525ರಲ್ಲಿ. ಇನ್ನೂರು ವರ್ಷದ ಅಂತರ! ಅದೂ ಸಾಲದೆಂಬಂತೆ, ಇಂಥ ಕಾವ್ಯಗಳು ನಮ್ಮವರೆಗೆ ಬಂದದ್ದು ಲಿಪಿಕಾರರ ಕೈಯಿಂದ ಕೈಗೆ.

ಆ ಕಾವ್ಯ 1327ಕ್ಕೆ ದುರ್ಬಲ ಸಾಕ್ಷಿ, 1525ಕ್ಕೆ ಪ್ರಬಲ ಸಾಕ್ಷಿ. ಮಲತಾಯಿ ರತ್ನಾಜಿಯ ಆಸೆಗೆ ಒಲ್ಲೆನೆಂದು ತಂದೆಯ ಕೋಪಕ್ಕೆ ತಲೆಯೊಡ್ಡಿದ ಮಗ: ದೊರೆ ಎಂದರೆ ಹೀಗಿರಬೇಕೆಂದು ಕೃಷ್ಣದೇವರಾಯನ ಕಾಲದ ಜನ ಬಯಸಿದ್ದಕ್ಕೆ ಬೇರೆ ದಾಖಲೆ ಯಾಕೆ?

ಕದನಕ್ಕೆ ಹತ್ತಿರದ ಸಾಕ್ಷಿ ಎದುರು ಪಾಳಯದಲ್ಲಿದೆ. ಇಬ್ನ್ ಬತೂತ ತುಘಲಕನ ಆಸ್ಥಾನದಲ್ಲಿ ಕಾಜಿಯಾಗಿದ್ದವನು. ಮೊರಾಕ್ಕೊಗೆ ಮರಳಿದ ಮೇಲೆ, 1355ರ ಹೊತ್ತಿಗೆ, ತನ್ನ ಪ್ರವಾಸಕಥನವನ್ನು ಬರೆಸಿದ. ಅದರಲ್ಲಿ ಅವನು ಹೇಳುವುದು ಇದು: ಸುಲ್ತಾನನಿಗೆ ತಿರುಗಿಬಿದ್ದ ಬಹಾವುದ್ದೀನ್ ಗುರ್ಷಾಸ್ಪ್ ಓಡಿಬಂದು ಕಂಪಿಲರಾಯನ ಮರೆಹೊಕ್ಕ. ರಾಯ ಅವನನ್ನು ಒಪ್ಪಿಸಲಿಲ್ಲ. ಅನ್ನ ತೀರಿದಾಗ ಅತಿಥಿಯನ್ನು ಇನ್ನೊಬ್ಬ ದೊರೆಯ ಬಳಿಗೆ ಕಳಿಸಿ, ಹೆಂಗಸರು ಬೆಂಕಿಗೆ ಬಿದ್ದ ಮೇಲೆ ತಾನು ಹೋರಾಡಿ ಸತ್ತ. ಅನ್ಯಮತದ ಅರಸ ಒಬ್ಬ ಮುಸಲ್ಮಾನನಿಗಾಗಿ ಮಡಿದನೆಂದು ಹೇಳಿ ಬತೂತನಿಗೆ ಆಗಬೇಕಾದ ಲಾಭವೇನೂ ಇರಲಿಲ್ಲ. ಅದಕ್ಕೇ ಈ ಮಾತಿಗೆ ತೂಕ.

ಅವನ ಮುಂದಿನ ಮಾತು ನಮ್ಮೂರಿಗೆ ಕಹಿ. ಸೆರೆಸಿಕ್ಕ ಹನ್ನೊಂದು ಮಂದಿ ರಾಯನ ಮಕ್ಕಳು ಇಸ್ಲಾಂ ಸ್ವೀಕರಿಸಿದರು, ಅವರಲ್ಲಿ ಮೂವರನ್ನು ತಾನೇ ಕಂಡೆ ಎನ್ನುತ್ತಾನೆ. ಕುಮಾರರಾಮನ ಹೆಸರನ್ನೇ ಎತ್ತುವುದಿಲ್ಲ. ಇದನ್ನು ಹೇಳಿದಾಗ ಪಕ್ಕದ ಮನೆಯ ಅಜ್ಜ ಸಿಡುಕಿದರು: “ಅವನು ಯಾರಪ್ಪ ಹೇಳಾಕ? ಅವನೇನು ಕಂಪ್ಲಿಗೆ ಬಂದಿದ್ನಾ?” ಒಳ್ಳೆಯ ಪ್ರಶ್ನೆ, ಯುದ್ಧವನ್ನು ಅವನು ಕಣ್ಣಾರೆ ಕಂಡವನಲ್ಲ. “ಹಂಗಾದ್ರೆ ಮರೆಹೊಕ್ಕವನ್ನ ಕಾಯ್ದ ಮಾತೂ ಬಿಡಬೇಕಲ್ಲ ಅಜ್ಜ?” ಎಂದೆ. ಅವರು ಒಪ್ಪಲಿಲ್ಲ. ಅದು ಬೇಕು, ಇದು ಬೇಡ!

ಸಂಡೂರಿನ ಬೆಟ್ಟದ ಹೊಸಮಲೆದುರ್ಗಕ್ಕೆ ಹತ್ತಿ ರಾಮನಿಗೆ ಕೈಮುಗಿಯುವುದಕ್ಕೆ ಬತೂತನ ಅಪ್ಪಣೆ ಬೇಕಿಲ್ಲ, ನಾನೂ ಮುಗಿಯುತ್ತೇನೆ. ಆದರೆ ರಾಯನ ಧರ್ಮಕ್ಕೆ ಬತೂತನನ್ನು ಸಾಕ್ಷಿಗೆ ಕರೆದವರು ಅವನ ಮಾತನ್ನು ಅರ್ಧಕ್ಕೆ ತಡೆಯಬಾರದು. ಹಾಗೆ ತಡೆಯುವುದು ಇತಿಹಾಸವೂ ಅಲ್ಲ, ಭಕ್ತಿಯೂ ಅಲ್ಲ.