ಶಬ್ದ, ಸ್ಥಳ ಮತ್ತು ಶಂಕೆ

ಕಣ್ಣಿಗೆ ಕಾಣದ ಆಯುಧದ ನೆಲೆಯನ್ನು ಅದರ ಸದ್ದಿನಿಂದಲೇ ಕಂಡುಹಿಡಿಯುವ ವಿದ್ಯೆ ನಮ್ಮ ಕಾಲದ ಆವಿಷ್ಕಾರವಲ್ಲ. ಸ್ಫಟಿಕಗಳ ರಚನೆಯನ್ನು ಕುರಿತ ಸಂಶೋಧನೆಗಾಗಿ 1915ರಲ್ಲಿ ತನ್ನ ತಂದೆಯೊಡನೆ ನೊಬೆಲ್ ಪಾರಿತೋಷಕವನ್ನು ಪಡೆದ ಲಾರೆನ್ಸ್ ಬ್ರ್ಯಾಗನು ಮೊದಲನೆಯ ಮಹಾಯುದ್ಧದ ರಣರಂಗದಲ್ಲಿ ತನ್ನ ಸಂಗಡಿಗರೊಂದಿಗೆ ಮಾಡಿದ ಕಾರ್ಯ ಇದೇ: ಸಾಲಾಗಿ ನಿಲ್ಲಿಸಿದ ಮೈಕ್ರೊಫೋನುಗಳನ್ನು ಫಿರಂಗಿಯ ಗರ್ಜನೆ ಒಂದೊಂದಾಗಿ ತಲಪುವ ಕಾಲದ ಅಂತರವನ್ನು ಅಳೆದು, ಮರೆಯಲ್ಲಿದ್ದ ಜರ್ಮನ್ ಫಿರಂಗಿ ಇಂತಲ್ಲಿಯೇ ಇದೆಯೆಂದು ನಿರ್ಣಯಿಸುವುದು. ಯುದ್ಧದಲ್ಲಿ ಈ ವಿದ್ಯೆಗೆ ಒಂದು ಸೌಕರ್ಯವಿತ್ತು. ಆಚೆ ಕಡೆಯಲ್ಲಿರುವವನು ಶತ್ರುವೆಂಬುದು ಮೊದಲೇ ಸಿದ್ಧವಾಗಿದ್ದು, ತಿಳಿಯಬೇಕಾಗಿ ಉಳಿದದ್ದು ಅವನ ಸ್ಥಳವೊಂದೇ. ಅದೇ ವಿದ್ಯೆಯನ್ನು ನಗರದ ಬೀದಿಗೆ ತಂದಾಗ ಪ್ರಶ್ನೆ ತಿರುವುಮುರುವಾಗುತ್ತದೆ. ಸ್ಥಳ ತಿಳಿಯುತ್ತದೆ, ಆದರೆ ಅಲ್ಲಿರುವವನು ಯಾರೆಂಬುದು ತಿಳಿಯುವುದಿಲ್ಲ. ಅಮೆರಿಕದ ಪೊಲೀಸ್ ಇಲಾಖೆಗಳು ನಡೆಸಿದ ಪ್ರಯೋಗಗಳ ಗೊಂದಲಕ್ಕೆಲ್ಲ ಮೂಲ ಇಲ್ಲಿದೆಯೆಂದು ನನ್ನ ಭಾವನೆ.

ಕ್ಯಾಲಿಫೋರ್ನಿಯಾದಲ್ಲಿ 1990ರ ದಶಕದಲ್ಲಿ ಹುಟ್ಟಿ, ರೆಡ್‌ವುಡ್ ಸಿಟಿ ಎಂಬ ಊರಿನಲ್ಲಿ ಮೊದಲಿಗೆ ಪರೀಕ್ಷಿತವಾದ ಶಾಟ್‌ಸ್ಪಾಟರ್ ಎಂಬ ವ್ಯವಸ್ಥೆಯ ಕ್ರಮ ಹೀಗಿದೆ. ಕಟ್ಟಡಗಳ ಮಾಳಿಗೆಗಳ ಮೇಲೂ ಬೀದಿಯ ಕಂಬಗಳ ಮೇಲೂ ಮೈಕ್ರೊಫೋನುಗಳಿರುತ್ತವೆ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುವುದರಿಂದ, ಎರಡು ಮೈಕ್ರೊಫೋನುಗಳ ನಡುವೆ ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು ಅಂತರ ಬಂದರೆ, ಸದ್ದಿನ ಮೂಲವು ಒಂದಕ್ಕಿಂತ ಇನ್ನೊಂದಕ್ಕೆ 34 ಮೀಟರು ಹತ್ತಿರದಲ್ಲಿದೆಯೆಂದಾಯಿತು. ಇಂತಹ ಅಂತರಗಳು ಕೆಲವು ದೊರೆತರೆ ನಕ್ಷೆಯ ಮೇಲೆ ಒಂದು ಬಿಂದು ನಿಲ್ಲುತ್ತದೆ. ಆಮೇಲೆ ದೂರದ ಕಚೇರಿಯಲ್ಲಿ ಕುಳಿತ ನೌಕರನೊಬ್ಬನು ಆ ಸದ್ದಿನ ತುಣುಕನ್ನು ಆಲಿಸಿ, ಇದು ಗುಂಡೋ, ಪಟಾಕಿಯೋ, ಮೋಟಾರು ಸಿಡಿದದ್ದೋ ಎಂದು ತೀರ್ಮಾನಿಸುತ್ತಾನೆ. ಒಂದು ನಿಮಿಷದೊಳಗೆ ಎಲ್ಲವೂ ಮುಗಿದು ಗಸ್ತಿನವನ ಮೊಬೈಲಿಗೆ ಎಚ್ಚರಿಕೆ ಬರಬೇಕೆಂಬುದು ನಿಯಮ. ಗಣಿತಕ್ಕೆ ಇಲ್ಲಿ ಕುಂದಿಲ್ಲ. ಆದರೆ ಗಣಿತದ ಕೊನೆಯ ಮೆಟ್ಟಿಲಿನಲ್ಲಿ ಒಬ್ಬ ಮನುಷ್ಯನ ಕಿವಿ ಕುಳಿತಿದೆಯೆಂಬುದನ್ನು ಜಾಹೀರಾತಿನ ಭಾಷೆ ಮರೆಸಿಬಿಡುತ್ತದೆ.

ಈ ಯಂತ್ರದ ಪರವಾಗಿ ಹೇಳತಕ್ಕ ಮಾತು ಇಲ್ಲದಿಲ್ಲ. ಜಿಲಿಯನ್ ಕಾರ್ ಮತ್ತು ಜೆನಿಫರ್ ಡೋಲಿಯಾಕ್ ಎಂಬ ಇಬ್ಬರು ಸಂಶೋಧಕಿಯರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಂತ್ರಕ್ಕೆ ಕೇಳಿಸಿದ ಗುಂಡಿನ ಪ್ರಸಂಗಗಳಲ್ಲಿ ನೂರಕ್ಕೆ 12ರಷ್ಟನ್ನು ಮಾತ್ರ ಜನರು ತಾವಾಗಿ ಪೊಲೀಸರಿಗೆ ತಿಳಿಸಿದ್ದರು. ಗಾಯಗೊಂಡು ಬಿದ್ದವನಿಗೆ ಯಾರ ಕರೆಯನ್ನೂ ಕಾಯದೆ ನೆರವು ಬರುವುದು ಸಣ್ಣ ಸಂಗತಿಯಲ್ಲ. ಆದರೆ ಉಳಿದ 88 ಸಲ ನೆರೆಯವರು ಸುಮ್ಮನಿದ್ದುದೇಕೆ? ಅಭ್ಯಾಸವಿರಬಹುದು, ಹಗೆತನದ ಭಯವಿರಬಹುದು, ಕರೆದರೆ ಬರುವವರ ಮೇಲೆಯೇ ಅಪನಂಬಿಕೆಯಿರಬಹುದು. ಆ ಮೌನ ಊರಿನ ಸ್ಥಿತಿಯನ್ನು ಕುರಿತ ಸಾಕ್ಷ್ಯ. ಯಂತ್ರವು ಅದನ್ನು ವಿಚಾರಿಸುವುದಿಲ್ಲ, ದಾಟಿ ಹೋಗುತ್ತದೆ.

ಷಿಕಾಗೋ ನಗರವು 2018ರಲ್ಲಿ ಸುಮಾರು 3 ಕೋಟಿ 30 ಲಕ್ಷ ಡಾಲರಿನ ಒಪ್ಪಂದ ಮಾಡಿಕೊಂಡು ತನ್ನ 22 ಪೊಲೀಸ್ ವಿಭಾಗಗಳಲ್ಲಿ 12ರಲ್ಲಿ ಈ ವ್ಯವಸ್ಥೆಯನ್ನು ನೆಲೆಗೊಳಿಸಿತು. ಅವು ಬಹುಮಟ್ಟಿಗೆ ಕಪ್ಪು ಜನರೂ ಲ್ಯಾಟಿನೊ ಜನರೂ ವಾಸಿಸುವ ವಿಭಾಗಗಳು. ನಗರದ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2021ರ ಆಗಸ್ಟಿನಲ್ಲಿ ಹೊರಡಿಸಿದ ವರದಿಯಲ್ಲಿ, ಹದಿನೇಳು ತಿಂಗಳಲ್ಲಿ ಬಂದ 50,176 ಎಚ್ಚರಿಕೆಗಳ ಪೈಕಿ 4,556ರಲ್ಲಿ ಮಾತ್ರ ಬಂದೂಕಿನ ಅಪರಾಧಕ್ಕೆ ಸಾಕ್ಷ್ಯ ದೊರೆಯಿತೆಂದು ಹೇಳಿದೆ. ವಿರೋಧಿಗಳು ಇದನ್ನು ಕೇಳಿದೊಡನೆ, ಉಳಿದವೆಲ್ಲ ಸುಳ್ಳು ಸದ್ದುಗಳೆಂದು ಕೂಗಿದರು. ಅಷ್ಟು ಅವಸರ ಸಲ್ಲದು. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತು ಕಾಣದೆ ಹೋದಾಗ ಮಾತ್ರ ಅದು ಇಲ್ಲವೆಂದು ಸಿದ್ಧವಾಗುವುದೆಂದು ನಮ್ಮ ಪ್ರಾಚೀನ ತಾರ್ಕಿಕರು ಒಂದು ಕಟ್ಟುಪಾಡು ಹಾಕಿದ್ದಾರೆ. ರಿವಾಲ್ವರು ಖಾಲಿ ತೋಟೆಯನ್ನು ಹೊರಕ್ಕೆ ಚೆಲ್ಲುವುದಿಲ್ಲ. ಹಾರಿಸಿದವನು ನಿಂತು ಕಾಯುವುದಿಲ್ಲ. ಆದುದರಿಂದ ಕತ್ತಲ ಬೀದಿಯಲ್ಲಿ ಏನೂ ಸಿಗದಿದ್ದುದು ಗುಂಡು ಹಾರಲಿಲ್ಲವೆಂಬುದಕ್ಕೆ ಪ್ರಮಾಣವಾಗಲಾರದು. ಆದರೆ ಇದೇ ವಾದ ಯಂತ್ರದ ಪಕ್ಷವನ್ನೂ ಕಟ್ಟಿಹಾಕುತ್ತದೆ: ಸಿಗದಿದ್ದುದರಿಂದ ಸುಳ್ಳೆನ್ನಲಾಗದ ಮಾತನ್ನು, ಸಿಗದಿದ್ದರೂ ನಿಜವೆಂದು ನಂಬಿ, ಅಲ್ಲಿ ನಡೆದುಹೋಗುತ್ತಿದ್ದವನ ಜೇಬಿಗೆ ಕೈ ಹಾಕುವ ಅಧಿಕಾರ ಎಲ್ಲಿಂದ ಬಂದೀತು?

ಶಬ್ದವೇಧಿಯಾದ ದಶರಥನ ಕಥೆಯನ್ನು ನಾವೆಲ್ಲರೂ ಬಲ್ಲೆವು. ಸರಯೂ ತೀರದ ಆ ರಾತ್ರಿ ಅವನ ಕಿವಿ ತಪ್ಪಲಿಲ್ಲ, ಬಾಣವೂ ಗುರಿ ತಪ್ಪಲಿಲ್ಲ; ನೀರು ತುಂಬುವ ಸದ್ದನ್ನು ಆನೆಯೆಂದುಕೊಂಡ ನಡುವಣ ತೀರ್ಮಾನವೊಂದು ತಪ್ಪಿತು, ಅದಕ್ಕೊಬ್ಬ ಮುನಿಕುಮಾರ ಬಲಿಯಾದನು. ಷಿಕಾಗೋದಲ್ಲಿ 2021ರ ಮಾರ್ಚ್ 29ರ ನಸುಕಿಗೆ ಮುಂಚೆ ನಡೆದುದು ಇದಕ್ಕಿಂತಲೂ ಕಠಿನವಾದ ಪ್ರಸಂಗ. ಅಂದು ಯಂತ್ರ ಹೇಳಿದ್ದು ನಿಜ, ಗುಂಡುಗಳು ಹಾರಿದ್ದವು. ಎಚ್ಚರಿಕೆಯ ಜಾಡಿನಲ್ಲಿ ಓಡಿದ ಪೊಲೀಸನೊಬ್ಬನು ಓಣಿಯಲ್ಲಿ 13 ವರ್ಷದ ಬಾಲಕನೊಬ್ಬನನ್ನು ಅಟ್ಟಿದನು. ಬಾಲಕನು ಕೈಯಲ್ಲಿದ್ದ ಪಿಸ್ತೂಲನ್ನು ಬೇಲಿಯ ಮರೆಗೆ ಎಸೆದು ಕೈಯೆತ್ತಿ ತಿರುಗಿದ ಕ್ಷಣಾರ್ಧದಲ್ಲಿ ಪೊಲೀಸನ ಗುಂಡು ಅವನ ಎದೆಗೆ ತಗುಲಿತು. ಸದ್ದು ನಿಜವಾಗಿದ್ದರೂ ಆ ನಿಜದೊಳಗೆ ಓಣಿಯಲ್ಲಿ ಹೇಗೆ ನಡೆದುಕೊಳ್ಳಬೇಕೆಂಬ ವಿವೇಕ ಅಡಗಿರಲಿಲ್ಲ. ಕರೆ ಮಾಡಿದ ನೆರೆಯವನಾದರೆ "ಹುಡುಗರು ಕಾಣಪ್ಪ" ಎಂದೊಂದು ಮಾತು ಸೇರಿಸಬಹುದಾಗಿತ್ತು. ಬಿಂದುವಿಗೆ ಆ ಶಕ್ತಿಯಿಲ್ಲ.

ಮೇಲೆ ಹೇಳಿದ ವರದಿಯಲ್ಲಿ ಅಂಕಿಗಳಿಗಿಂತ ನನ್ನನ್ನು ಹೆಚ್ಚು ಕಾಡಿದುದು ಇನ್ನೊಂದು ಸಂಗತಿ. ಕೆಲವು ಅಧಿಕಾರಿಗಳು ನಿರ್ದಿಷ್ಟ ಎಚ್ಚರಿಕೆಯೊಂದನ್ನಲ್ಲದೆ, ಈ ಪ್ರದೇಶದಲ್ಲಿ ಎಚ್ಚರಿಕೆಗಳು ಪದೇ ಪದೇ ಬರುತ್ತವೆಂಬ ತಮ್ಮ ಸಾಮಾನ್ಯ ಭಾವನೆಯನ್ನೇ, ದಾರಿಹೋಕರನ್ನು ತಡೆದು ಮೈ ತಡವಿ ನೋಡುವುದಕ್ಕೆ ಕಾರಣವೆಂದು ಬರೆದಿಟ್ಟಿದ್ದರು. ಮೈಕ್ರೊಫೋನು ಇರುವ ಕಡೆಯಲ್ಲಷ್ಟೇ ಸದ್ದು ದಾಖಲಾಗುವುದರಿಂದ, ಕೇಳಲು ಆರಿಸಿಕೊಂಡ ಪ್ರದೇಶವೇ ಕೆಟ್ಟ ಪ್ರದೇಶವೆಂದು ತಾನಾಗಿ ಸಿದ್ಧವಾಗುತ್ತದೆ. ಇಲ್ಲಿಗೆ ಒಂದು ಸದ್ದಿನ ಸ್ಥಳ ಒಂದು ಜನರ ಗುಣವಾಗಿ ಪರಿಣಮಿಸಿತು.

ಹಾಗಾದರೆ ಪ್ರಯೋಗವೆಂದರೇನು? ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ನಗರದ ಪೊಲೀಸ್ ಇಲಾಖೆ 2016ರಿಂದ ಒಂದು ವರ್ಷಕ್ಕೂ ಮೇಲ್ಪಟ್ಟು ಇದನ್ನು ಪರೀಕ್ಷಿಸಿ, ಐದು ಲಕ್ಷ ಡಾಲರಿಗಿಂತ ಹೆಚ್ಚು ವ್ಯಯಕ್ಕೆ ಪ್ರತಿಯಾಗಿ ನಾಲ್ಕು ಬಂಧನ, ಏಳು ಆಯುಧ ಮಾತ್ರ ಲಭಿಸಿದುವೆಂದು ಕಂಡು 2017ರಲ್ಲಿ ಕೈಬಿಟ್ಟಿತು. ಸೋಲನ್ನು ಸೋಲೆಂದು ಒಪ್ಪಿದ ಅಪರೂಪದ ಪ್ರಾಮಾಣಿಕತೆ ಅದು. ಕಂಪನಿಯಾದರೋ ನೂರಕ್ಕೆ 97ರಷ್ಟು ನಿಖರತೆಯನ್ನು ಸಾರುತ್ತದೆ. ಆದರೆ ಆ ಲೆಕ್ಕ ಮುಖ್ಯವಾಗಿ ಪೊಲೀಸರು ತಪ್ಪೆಂದು ತಿಳಿಸಿದ ಪ್ರಸಂಗಗಳನ್ನು ಅವಲಂಬಿಸಿದೆ. ಯಾರೂ ಆಕ್ಷೇಪಿಸದಿದ್ದುದೆಲ್ಲ ಸರಿಯ ಖಾತೆಗೆ ಸೇರುತ್ತದೆ.

ಷಿಕಾಗೋದ ಮೇಯರ್ ಬ್ರ್ಯಾಂಡನ್ ಜಾನ್ಸನ್, ನಗರಸಭೆಯ ಬಹುಮತ ಅದನ್ನು ಉಳಿಸಿಕೊಳ್ಳುವ ಪಕ್ಷದಲ್ಲಿದ್ದಾಗ್ಯೂ, 2024ರ ಸೆಪ್ಟೆಂಬರ್ 22ರಂದು ಆ ವ್ಯವಸ್ಥೆಯನ್ನು ನಿಲ್ಲಿಸಿದನು. ಉಳಿಸಬೇಕೆಂದವರು ನೆರವು ಪಡೆದ ಗಾಯಾಳುಗಳನ್ನು ಎಣಿಸಿದರು. ಅವರ ಎಣಿಕೆ ನ್ಯಾಯವಾದದ್ದೇ. ಇನ್ನೊಂದು ನಗರ ನಾಳೆ ಈ ಪ್ರಯೋಗಕ್ಕೆ ಕೈ ಹಾಕುವುದಾದರೆ, ಆ ಎಣಿಕೆಯ ಪಕ್ಕದಲ್ಲಿಯೇ ಇನ್ನೊಂದು ಅಂಕಣವನ್ನು ಮೊದಲ ದಿನದಿಂದ ತೆರೆದಿಡಬೇಕು: ಬಿಂದುವಿನ ಬಳಿ ಯಾರನ್ನು ತಡೆದರು, ಅವರಲ್ಲಿ ಎಷ್ಟು ಮಂದಿಯ ಬಳಿ ಏನೂ ಇರಲಿಲ್ಲ, ಅವರನ್ನು ಬಿಟ್ಟುಕಳುಹಿಸುವಾಗ ಪೊಲೀಸನು ಏನು ಹೇಳಿದನು. ಮತ್ತು ಆ ಅಂಕಣವನ್ನು ತುಂಬುವ ಕೆಲಸ ಯಂತ್ರವನ್ನು ಮಾರುವವರದಾಗಲಿ ಕೊಳ್ಳುವ ಇಲಾಖೆಯದಾಗಲಿ ಆಗಿರಕೂಡದು.