ಒಂದೇ ಸ್ಟ್ಯಾಂಡಿನ ಮುಂದೆ ಇಬ್ಬರು

2016ರ ಆಗಸ್ಟಿನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಪ್ರಾಮ್ಸ್ ಸಂಗೀತೋತ್ಸವದ ಭಾಗವಾಗಿ, ವೆಸ್ಟ್-ಈಸ್ಟರ್ನ್ ದಿವಾನ್ ಆರ್ಕೆಸ್ಟ್ರಾ ಕಛೇರಿ ಕೊಟ್ಟಿತು. ನಿರ್ದೇಶಕ ಡೇನಿಯಲ್ ಬರೆನ್‌ಬಾಯಿಮ್, ಅತಿಥಿ ಪಿಯಾನೊ ವಾದಕಿ ಮಾರ್ತಾ ಆರ್ಗೆರಿಚ್. ಇಬ್ಬರೂ ಬ್ಯೂನಸ್ ಐರಿಸ್‌ನಲ್ಲಿ ಹುಟ್ಟಿದವರು, ಬಾಲ್ಯದಿಂದ ಪರಿಚಿತರು. ಅವರ ಸುತ್ತ ಕೂತಿದ್ದವರಲ್ಲಿ ಇಸ್ರೇಲಿಗಳೂ ಅರಬರೂ ಇದ್ದರು. ಇಂಥ ದೃಶ್ಯ ಕಂಡಾಗ ನಮ್ಮ ಬಾಯಿಗೆ ಬರುವ ಮೊದಲ ಮಾತು, ‘ಸಂಗೀತಕ್ಕೆ ಗಡಿಯಿಲ್ಲ’ ಎಂಬುದು. ಈ ಮಾತು ನಿಜವೇ?

ಬರೆನ್‌ಬಾಯಿಮ್ ಮತ್ತು ಪ್ಯಾಲೆಸ್ತೀನಿ ಚಿಂತಕ ಎಡ್ವರ್ಡ್ ಸಯೀದ್ ಈ ಆರ್ಕೆಸ್ಟ್ರಾವನ್ನು ಆರಂಭಿಸಿದ್ದು 1999ರಲ್ಲಿ, ಜರ್ಮನಿಯ ವೈಮಾರ್‌ನಲ್ಲಿ. ಅದು ಗಯಟೆ ಬಾಳಿದ ಊರು. ಹಾಫಿಜ್‌ನನ್ನು ಓದಿ ಆತ ಬರೆದ ಕವನಸಂಕಲನವೇ ಆರ್ಕೆಸ್ಟ್ರಾಕ್ಕೆ ಹೆಸರು ಕೊಟ್ಟಿತು. ನಾಜಿಗಳ ಬುಖೆನ್‌ವಾಲ್ಡ್ ಶಿಬಿರವಿದ್ದದ್ದೂ ಅದೇ ಊರಿನ ಮಗ್ಗುಲಲ್ಲಿ. ಆ ಮೊದಲ ಬೇಸಿಗೆಯಲ್ಲಿ ಒಬ್ಬ ಸಿರಿಯನ್ ಮತ್ತು ಒಬ್ಬ ಇಸ್ರೇಲಿ ಚೆಲ್ಲೊ ವಾದಕರು ಒಂದೇ ಸ್ಟ್ಯಾಂಡನ್ನು ಹಂಚಿಕೊಂಡಿದ್ದನ್ನು ಬರೆನ್‌ಬಾಯಿಮ್ ನೆನಪಿಸಿಕೊಂಡಿದ್ದಾರೆ. ಇಬ್ಬರೂ ಒಂದೇ ಸ್ವರವನ್ನು, ಅಷ್ಟೇ ಗಟ್ಟಿಯಾಗಿ, ಅದೇ ಬಿಲ್ಲಿನ ಎಳೆತದಲ್ಲಿ ಹೊಮ್ಮಿಸಬೇಕಿತ್ತು. ಹಾಗಾಗಬೇಕಾದರೆ ಪಕ್ಕದವನ ತೋಳು ಹೇಗೆ ಚಲಿಸುತ್ತಿದೆ ಎಂದು ಗಮನಿಸಲೇಬೇಕು.

ಮಾತಿನಲ್ಲಿ ಒಬ್ಬ ಆಡುವಾಗ ಇನ್ನೊಬ್ಬ ಸುಮ್ಮನಿರಬೇಕು. ಹಾಗೆ ಸುಮ್ಮನಿರುವವನು ಎಷ್ಟೋ ಸಲ ಕೇಳುತ್ತಿರುವುದಿಲ್ಲ, ತನ್ನ ಉತ್ತರವನ್ನು ಹೊಂದಿಸಿಕೊಳ್ಳುತ್ತಿರುತ್ತಾನೆ. ವಾದ್ಯಮೇಳದಲ್ಲಿ ನುಡಿಸುತ್ತಲೇ ಕೇಳಬೇಕು. ಆ ಸಂಜೆ ಆರ್ಗೆರಿಚ್ ನುಡಿಸಿದ್ದು ಲಿಸ್ಟ್‌ನ ಮೊದಲ ಪಿಯಾನೊ ಕನ್ಸರ್ಟೊ. 1855ರಲ್ಲಿ ಅದು ಮೊದಲು ಕೇಳಿಬಂದದ್ದೂ ವೈಮಾರ್‌ನಲ್ಲೇ. ಅದರ ಒಂದು ಭಾಗದಲ್ಲಿ ಟ್ರಯಾಂಗಲ್ ಒಂಟಿಯಾಗಿ ಮುಂದೆ ಬರುತ್ತದೆ. ವಿಮರ್ಶಕ ಹಾನ್ಸ್ಲಿಕ್ ಕೃತಿಯನ್ನೇ ‘ಟ್ರಯಾಂಗಲ್ ಕನ್ಸರ್ಟೊ’ ಎಂದು ಗೇಲಿ ಮಾಡಿದ್ದ. ಆದರೆ ಆ ಗಳಿಗೆಯಲ್ಲಿ ಎಂಥ ಪಿಯಾನೊ ವಾದಕಿಯೂ ಆ ಪುಟ್ಟ ಲೋಹದ ತ್ರಿಕೋನಕ್ಕೆ ಕಿವಿಗೊಡಲೇಬೇಕು.

ಈ ಸಮಾನತೆ ನಿಜವಾದದ್ದು. ಆದರೆ ಅದು ಸ್ವರಲಿಪಿಯಿಂದ ಪಡೆದ ಕಡ. ಕೃತಿ ಮುಗಿದೊಡನೆ ತೀರುತ್ತದೆ. 2005ರಲ್ಲಿ ಈ ಆರ್ಕೆಸ್ಟ್ರಾ ರಮಲ್ಲಾದಲ್ಲಿ ನುಡಿಸಲು ಹೊರಟಾಗ ವಾದಕರಿಗೆ ಸ್ಪೇನ್ ಸರ್ಕಾರ ರಾಜತಾಂತ್ರಿಕ ಪಾಸ್‌ಪೋರ್ಟ್ ಕೊಡಬೇಕಾಯಿತು. ಸಂಗೀತಕ್ಕೆ ಗಡಿಯಿಲ್ಲದಿರಬಹುದು, ಸಂಗೀತಗಾರರಿಗೆ ಇದ್ದೇ ಇದೆ. ಪ್ಯಾಲೆಸ್ತೀನಿನ ಸಾಂಸ್ಕೃತಿಕ ಬಹಿಷ್ಕಾರ ಚಳವಳಿಯ ಆಕ್ಷೇಪವೂ ಇಲ್ಲಿಂದಲೇ ಹುಟ್ಟುತ್ತದೆ: ಒಬ್ಬ ಆಕ್ರಮಿತ ನೆಲದವನು, ಇನ್ನೊಬ್ಬ ಆಕ್ರಮಿಸಿದ ದೇಶದವನು ಎಂಬ ಸತ್ಯವನ್ನು ಮರೆಸಿ, ಅನ್ಯಾಯವನ್ನು ಸಹಜವೆಂಬಂತೆ ತೋರಿಸುವುದು ಸರಿಯೇ? ಈ ಪ್ರಶ್ನೆಯನ್ನು ಚಪ್ಪಾಳೆಯಲ್ಲಿ ಮುಳುಗಿಸಲಾಗದು.

ತಮ್ಮದು ಶಾಂತಿಯ ಯೋಜನೆಯಲ್ಲ, ಅಜ್ಞಾನದ ವಿರುದ್ಧದ ಯೋಜನೆ ಎಂದು ಬರೆನ್‌ಬಾಯಿಮ್ ಮತ್ತೆ ಮತ್ತೆ ಹೇಳಿದ್ದಾರೆ. ಶಾಂತಿಯ ಬಿರುದನ್ನು ಹಚ್ಚುವವರು ಬಹುಮಟ್ಟಿಗೆ ಕೇಳುಗರಾದ ನಾವು. ಆ ಬಿರುದಿನಿಂದ ನಮಗೊಂದು ಅನುಕೂಲವಿದೆ. ವೇದಿಕೆಯ ಮೇಲೆ ಎಲ್ಲ ಸರಿಹೋಗಿದೆ ಎಂದುಕೊಂಡರೆ, ಹೊರಗಿನದು ನಮ್ಮ ಹೊಣೆಯಲ್ಲ ಎಂಬ ನೆಮ್ಮದಿ ಸಿಗುತ್ತದೆ. ಎರಡು ಗಂಟೆ ಕಣ್ತುಂಬಿ ಕೂತದ್ದನ್ನೇ ನ್ಯಾಯದ ಪರ ನಿಂತದ್ದೆಂದು ಭಾವಿಸುವುದು ಬಹಳ ಸುಲಭ.

ಹಾಗಾದರೆ ಇಂಥ ಕಛೇರಿಯಿಂದ ಏನು ಪ್ರಯೋಜನ? ನನಗೆ ತೋರುವಂತೆ, ಅದು ನಮ್ಮಿಂದ ಒಂದು ನೆಪವನ್ನು ಕಿತ್ತುಕೊಳ್ಳುತ್ತದೆ. ‘ಇವರು ಎಂದೂ ಒಟ್ಟಿಗೆ ಕೂರಲಾರರು, ಅದು ಅವರ ರಕ್ತದಲ್ಲೇ ಇಲ್ಲ’ ಎನ್ನುವವರಿಗೆ ಆ ಚೆಲ್ಲೊ ವಾದಕರು ಉತ್ತರ. ಕೂಡಿ ನುಡಿಸುವ ಶಕ್ತಿ ಮನುಷ್ಯರಲ್ಲಿದೆ ಎಂದು ಗೊತ್ತಾದ ಮೇಲೆ, ಹೊರಗೆ ಅದು ನಡೆಯದಿರುವುದನ್ನು ವಿಧಿಯೆಂದು ಕರೆಯಲಾಗದು. ಯಾರೋ ಅದನ್ನು ತಡೆದಿದ್ದಾರೆ. ಯಾರು, ಯಾತಕ್ಕೆ ಎಂದು ಕೇಳಬೇಕಾಗುತ್ತದೆ.