ಸೇವೆಯ ಹೊಣೆ ಯಾರದು?

ವೃದ್ಧ ಮಾತಾಪಿತರಿಗೆ 'ಛೆ' ಎನ್ನಲೂ ಬಾರದೆಂದು ಪವಿತ್ರ ಕುರ್‌ಆನ್ (17:23) ಆದೇಶಿಸಿದೆ. ಆ ಆದೇಶ ಯಾರಿಗೆ? ಮಕ್ಕಳಿಗೆ. ಆದರೆ ನಮ್ಮ ಮನೆಗಳಲ್ಲಿ ಹಾಸಿಗೆ ಹಿಡಿದ ಅತ್ತೆಯ ಮೈ ಒರೆಸುವವಳು, ರಾತ್ರಿ ನಾಲ್ಕು ಬಾರಿ ಎದ್ದು ಮಗ್ಗುಲು ಬದಲಿಸುವವಳು ಸೊಸೆ. ಮಗನೋ, ಇಶಾ ನಮಾಝ್ ಮುಗಿಸಿ ಬಂದು, 'ಉಮ್ಮ ಉಂಡರಾ?' ಎಂದು ಕೇಳಿ ಮಲಗುತ್ತಾನೆ. (ಕೆಲವು ಮನೆಗಳಲ್ಲಿ ಅದೂ ಇಲ್ಲ.) ಅವಳು ಒಮ್ಮೆ ಅತ್ತರೆ 'ಸಬ್ರ್ ಇಲ್ಲ' ಎಂಬ ಆರೋಪ! ಪುತ್ರವಿಯೋಗದ ದುಃಖದಿಂದ ಪ್ರವಾದಿ ಯಾಕೂಬ್(ಅ)ರ ಕಣ್ಣುಗಳೇ ಬೆಳ್ಳಗಾದವೆಂದು ಅದೇ ಕುರ್‌ಆನ್ (12:84) ತಿಳಿಸುತ್ತದೆ. ಅವರಿಗೆ ಸಹನೆಯಿರಲಿಲ್ಲ ಎನ್ನುವಿರಾ?

ಅತ್ತೆಯ ಸೇವೆ ಸೊಸೆಯ ಔದಾರ್ಯ. ಮಗನ ಕಡ್ಡಾಯ ಹೊಣೆಯನ್ನು ಅವಳ ತಲೆಗೆ ಕಟ್ಟುವುದು ಅನ್ಯಾಯ. ಪ್ರಿಯ ಸಹೋದರರೇ, ಇಂದು ರಾತ್ರಿಯ ಸರದಿ ನಿಮ್ಮದಾಗಲಿ. ನಿಮಗೆ ಸಂಕೋಚವಾಗುವ ಕೆಲಸಗಳಿಗೆ ಅಕ್ಕತಂಗಿಯರನ್ನು ಕರೆಯಿರಿ. ಅವರೂ ಆ ತಾಯಿಯ ಮಕ್ಕಳೇ. ಮಡದಿ ತವರಿಗೆ ಹೋಗಿ ಎರಡು ದಿನ ನೆಮ್ಮದಿಯಿಂದ ನಿದ್ರಿಸಿ ಬರಲಿ.